ಒಂಬತ್ತನೇ ಕ್ಲಾಸಿನ ಹುಡುಗಿಗೆ ಹ್ಯಾಮ್‌ಸ್ಟರ್: ಯಾವ ಜಾತಿ, ಎಷ್ಟು ದೊಡ್ಡ ಗೂಡು?

ಮೈಸೂರಮ್ಮ
ಮಗಳಿಗೆ 14 ವರ್ಷ. ಬಾಡಿಗೆ ಮನೆ, ನಾಯಿ ಬೆಕ್ಕಿಗೆ ಓನರ್ ಒಪ್ಪಲ್ಲ. ಇಲಿಯಂಥ ಪುಟ್ಟ ಪ್ರಾಣಿ ಹ್ಯಾಮ್‌ಸ್ಟರ್ ಬೇಕು ಅಂತ ಹಟ. ಅಂಗಡಿಯಲ್ಲಿ ಒಂದೂವರೆ ಅಡಿಯ ತಂತಿ ಪಂಜರ, ಅದು ಓಡೋಕೆ ಚಿಕ್ಕ ಚಕ್ರ, ಒಂದು ಜೊತೆ ಡ್ವಾರ್ಫ್ (ಕುಳ್ಳ ಜಾತಿಯ) ಹ್ಯಾಮ್‌ಸ್ಟರ್, ಎಲ್ಲ ಸೇರಿಸಿ ಸೆಟ್ ಕೊಡ್ತಾರೆ. ತಗೋಬಹುದಾ? ಕೈಯಲ್ಲಿ ಹಿಡಿದು ಆಡಿಸಬೇಕು ಅನ್ನೋದು ಅವಳ ಆಸೆ.

ರಾತ್ರಿಪಾಳಿ
ಆ ಸೆಟ್ ಮುಟ್ಟಬೇಡಿ. ಪಂಜರ ಚಿಕ್ಕದು, ಚಕ್ರ ಚಿಕ್ಕದು, ಇನ್ನು "ಜೊತೆ" ಅನ್ನೋದಂತೂ ಶುದ್ಧ ವ್ಯಾಪಾರ. ಹ್ಯಾಮ್‌ಸ್ಟರ್ ಒಂಟಿ ಪ್ರಾಣಿ. ಸಿರಿಯನ್ ಜಾತಿಯವು ಎಂಟು ಹತ್ತು ವಾರ ತುಂಬುತ್ತಿದ್ದ ಹಾಗೆ ಅಣ್ಣತಮ್ಮಂದಿರೇ ಆದರೂ ಕಚ್ಚಾಡಿ ಸಾಯುತ್ತವೆ. ಡ್ವಾರ್ಫ್‌ಗಳು ಕೆಲವು ತಿಂಗಳು ಹೊಂದಿಕೊಂಡಂತೆ ಕಾಣಬಹುದು. ಆಮೇಲೆ ಒಂದು ಬೆಳಿಗ್ಗೆ ಒಂದರ ಬೆನ್ನಲ್ಲಿ ಗಾಯ, ಇನ್ನೊಂದು ಮೂಲೆಯಲ್ಲಿ ದಪ್ಪಗಾಗಿ ಕೂತಿರುತ್ತೆ. ಗಂಡು ಹೆಣ್ಣು ಸೇರಿದ್ದರಂತೂ ಮರಿಗಳ ಸಂತೆ.

ಜಾತಿ ಕೇಳಿದ್ರಿ. ಕೈಗೆ ಬರಬೇಕು ಅಂದ್ರೆ ಸಿರಿಯನ್ ಒಂದೇ ಉತ್ತರ. 100ರಿಂದ 150 ಗ್ರಾಂ ತೂಗುತ್ತೆ, ನಿಧಾನ, ಅಂಗೈ ಮೇಲೆ ಕೂರುವಷ್ಟು ದೊಡ್ಡದು. ಡ್ವಾರ್ಫ್‌ಗಳಲ್ಲಿ ರೊಬೊರೊವ್‌ಸ್ಕಿ ಅಂತ ಬರುತ್ತೆ, 20-25 ಗ್ರಾಂ. ನೋಡೋಕೆ ಚಂದ, ಹಿಡಿಯೋಕೆ ಪಾದರಸ. ನಡುವಿನ ಗಾತ್ರದ ಡ್ವಾರ್ಫ್‌ಗಳಾದ ಕ್ಯಾಂಪ್‌ಬೆಲ್, ವಿಂಟರ್ ವೈಟ್ ನಮ್ಮಲ್ಲಿ ಶುದ್ಧವಾಗಿ ಸಿಗೋದು ಅಪರೂಪ. ಹೆಚ್ಚಿನವು ಬೆರಕೆ, ಕ್ಯಾಂಪ್‌ಬೆಲ್ ರಕ್ತ ಇದ್ದಲ್ಲಿ ಸಕ್ಕರೆ ಕಾಯಿಲೆಯ ಒಲವೂ ಜೊತೆಗೇ ಬರುತ್ತೆ. "ಟೆಡ್ಡಿ ಬೇರ್ ಹ್ಯಾಮ್‌ಸ್ಟರ್" ಅಂತ ಜಾಸ್ತಿ ದುಡ್ಡು ಕೇಳಿದ್ರೆ ಅದು ಉದ್ದ ಕೂದಲಿನ ಸಿರಿಯನ್. "ಪಾಂಡಾ" ಅಂದ್ರೆ ಕಪ್ಪು ಬಿಳುಪು ಸಿರಿಯನ್. ಬೇರೆ ಜಾತಿ ಏನಲ್ಲ.

ಅಡಿಕೋಲು
ಮೊದಲು ಗೂಡು, ಆಮೇಲೆ ಪ್ರಾಣಿ. ಇದು ತಲೆಕೆಳಗಾದ್ರೆ ಉಳಿದ ಸಲಹೆ ಎಲ್ಲ ದಂಡ.

ಜರ್ಮನಿಯ ಪ್ರಾಣಿಕಲ್ಯಾಣ ಪಶುವೈದ್ಯರ ಸಂಘ ಹೇಳುವ ಕನಿಷ್ಠ ಅಳತೆ 100 × 50 × 50 ಸೆಂ.ಮೀ. ನಮ್ಮ ಲೆಕ್ಕದಲ್ಲಿ ಸುಮಾರು ಮೂರೂಕಾಲು ಅಡಿ ಉದ್ದ. ಅಷ್ಟು ದೊಡ್ಡ ರೆಡಿಮೇಡ್ ಪಂಜರ ಇಲ್ಲಿ ಹುಡುಕಿದ್ರೂ ಸಿಗೋದು ಕಷ್ಟ. ದಾರಿ ಎರಡು.

ಒಂದು, ಸೆಕೆಂಡ್ ಹ್ಯಾಂಡ್ ಮೀನಿನ ತೊಟ್ಟಿ. 4 ಅಡಿ × 1.5 ಅಡಿ × 1.5 ಅಡಿ ಸಾಕು, ಅಗಲ ಎತ್ತರ ಸ್ವಲ್ಪ ಕಮ್ಮಿಯಾದರೂ ಉದ್ದ ಜಾಸ್ತಿ ಇರೋದರಿಂದ ನೆಲದ ಜಾಗ ಆ ಕನಿಷ್ಠಕ್ಕಿಂತ ಹೆಚ್ಚೇ. ನೀರು ಸೋರುತ್ತೆ ಅಂತ ಎಸೆಯೋ ತೊಟ್ಟಿ ಇದಕ್ಕೆ ಹೇಳಿಮಾಡಿಸಿದ್ದು, ಅಗ್ಗಕ್ಕೆ ಸಿಗುತ್ತೆ. 6 ಮಿ.ಮೀ. ಗಾಜಿನದಾದ್ರೆ ಖಾಲಿ ಇದ್ದಾಗಲೇ 30 ಕೆಜಿ ದಾಟುತ್ತೆ, ಅದಕ್ಕೆ ಮೊದಲೇ ಜಾಗ ನಿಗದಿ ಮಾಡಿ. ಮೇಲೆ ಗಾಜು ಮುಚ್ಚಬೇಡಿ, ತಂತಿ ಜಾಲರಿ ಹಾಕಿ. ಸಿರಿಯನ್‌ಗೆ ಅರ್ಧ ಇಂಚಿನ ಕಣ್ಣು ನಡೆಯುತ್ತೆ, ಡ್ವಾರ್ಫ್‌ಗೆ ಕಾಲಿಂಚು.

ಇನ್ನೊಂದು, ಪ್ಲೈವುಡ್. 8 × 4 ಅಡಿಯ ಒಂದೇ ಶೀಟಲ್ಲಿ ಪೂರ್ತಿ ಗೂಡು ಬರುತ್ತೆ. ಶೀಟನ್ನ ನಡುವೆ ಕೊಯ್ದು ಎರಡು 4 × 4 ಮಾಡಿಸಿ. ಒಂದರಿಂದ ಎರಡು 4 × 2 ತುಂಡು: ತಳ ಮತ್ತು ಹಿಂಬದಿ. ಇನ್ನೊಂದರಿಂದ ಎರಡು 2 × 2, ಅವು ಅಕ್ಕಪಕ್ಕದ ಗೋಡೆ. ಉಳಿದ 4 × 2ನ್ನ ಉದ್ದಕ್ಕೆ ಸೀಳಿದ್ರೆ ಎರಡು 4 × 1. ಒಂದು ಮುಂಬದಿಯ ಕೆಳಗಿನ ಅರ್ಧ, ಅದು ತಳದಲ್ಲಿ ದಪ್ಪಗೆ ಹರಡೋ ಹಾಸನ್ನ ಹಿಡಿದಿಡುತ್ತೆ. ಇನ್ನೊಂದು ಒಳಗಿನ ಅಟ್ಟಕ್ಕೆ. ಮುಂಬದಿಯ ಮೇಲಿನ ಅರ್ಧಕ್ಕೆ 4 × 1 ಅಡಿ ಅಕ್ರಿಲಿಕ್ ಹಾಳೆ. ಗರಗಸದ ಬಾಯಿಗೆ ಹೋಗೋ ಎರಡು ಮೂರು ಮಿಲಿಮೀಟರ್, ಜೋಡಣೆಯಲ್ಲಿ ಹಲಗೆಯ ದಪ್ಪ, ಇವೆರಡನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಬಡಗಿ ಅಳತೆ ಸರಿ ಮಾಡ್ತಾರೆ, ಬಿಡಿ.

ಒಳಮೂಲೆಗೆ ಅಕ್ವೇರಿಯಂ ಸಿಲಿಕೋನ್ ಹಾಕಿ. ಬಚ್ಚಲುಮನೆಯ ಸಿಲಿಕೋನ್‌ನಲ್ಲಿ ಬೂಸ್ಟು ಕೊಲ್ಲೋ ಮದ್ದು ಇರುತ್ತೆ, ಬೇಡ. ತಳಕ್ಕೆ ನೀರು ಆಧಾರಿತ ವಾರ್ನಿಷ್ ಮೂರು ಕೈ. ಗೆದ್ದಲು ಮದ್ದು ಬಳಿದ ಹಳೇ ಹಲಗೆ ಬೇಡವೇ ಬೇಡ. ಹೊಸ ಪ್ಲೈವುಡ್ಡಿಗೂ ಅಂಟಿನ ಘಾಟು ಇರುತ್ತೆ, ಎರಡು ವಾರ ಗಾಳಿಗೆ ಬಿಟ್ಟು ಮೂಗಿಗೆ ಏನೂ ಬಡಿಯದೆ ಇದ್ದಾಗ ಮಾತ್ರ ಬಳಸಿ.

ಮೈಸೂರಮ್ಮ
ಅಷ್ಟು ಪುಟ್ಟ ಪ್ರಾಣಿಗೆ ನಾಲ್ಕು ಅಡಿ ಮನೆನಾ? ಅತಿ ಆಯ್ತೇನೋ ಅನ್ಸುತ್ತೆ.

ಬಿಲಶೋಧಕ
ಅತಿ ಅಲ್ಲ. ಇವತ್ತು ಲೋಕದ ಮನೆಗಳಲ್ಲಿರುವ ಸಿರಿಯನ್‌ಗಳು ಹೆಚ್ಚುಕಡಿಮೆ ಎಲ್ಲವೂ 1930ರಲ್ಲಿ ಸಿರಿಯಾದ ಅಲೆಪ್ಪೊ ಹತ್ತಿರ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಗೆಸಿ ತೆಗೆಸಿದ ಒಂದು ತಾಯಿ, ಮರಿಗಳ ವಂಶ. ಅಂದರೆ ನೂರು ವರ್ಷವೂ ಆಗಿಲ್ಲ, ಕಾಡಿನ ಬುದ್ಧಿ ಹಾಗೇ ಇದೆ. ಅಲ್ಲಿನ ಹೊಲಗಳಲ್ಲಿ ಇವುಗಳ ಬಿಲ ಅಳೆದಾಗ ಸರಾಸರಿ 65 ಸೆಂ.ಮೀ. ಆಳ, ಕೆಲವು ಒಂದು ಮೀಟರ್ ದಾಟಿದವು. ಒಂದು ಬಿಲಕ್ಕೆ ದೊಡ್ಡದೊಂದೇ ಪ್ರಾಣಿ.

ಸ್ವಿಟ್ಜರ್ಲೆಂಡಿನ ಬರ್ನ್‌ನಿಂದ 2006ರಲ್ಲಿ ಬಂದ ಅಧ್ಯಯನದಲ್ಲಿ ಒಂದಷ್ಟಕ್ಕೆ 10, ಒಂದಷ್ಟಕ್ಕೆ 40, ಒಂದಷ್ಟಕ್ಕೆ 80 ಸೆಂ.ಮೀ. ಆಳದ ಹಾಸು ಕೊಟ್ಟು ನೋಡಿದರು. 10 ಸೆಂ.ಮೀ.ನವು ಉಳಿದವಕ್ಕಿಂತ ಹೆಚ್ಚು ಕಂಬಿ ಕಡಿದವು. ಕಂಬಿ ಕಡಿಯುವುದನ್ನು "ಆಟ ಆಡ್ತಿದೆ" ಅಂತ ವೀಡಿಯೊ ಮಾಡಿ ಹಾಕುತ್ತಾರೆ. ಅದು ಆಟವಲ್ಲ, ಹೊರಗೆ ಬಿಡಿ ಅಂತ ಗೋಗರೆಯುವುದು.

ಇನ್ನೊಂದು ಸ್ವಾರಸ್ಯ: ಕಾಡಿನಲ್ಲಿ ಹೆಣ್ಣು ಸಿರಿಯನ್‌ಗಳು ಹೊರಗೆ ಬಂದು ಮೇಯುವುದು ಹಗಲಲ್ಲೇ. ಪಂಜರಕ್ಕೆ ಬಂದ ಮೇಲೆ ಅದೇ ಪ್ರಾಣಿ ನಿಶಾಚರಿ. ಏನೇ ಇರಲಿ, ನಿಮ್ಮ ಮನೆಯಲ್ಲಿ ಅದು ಏಳುವುದು ರಾತ್ರಿ ಎಂಟೂವರೆ, ಒಂಬತ್ತರ ಮೇಲೆಯೇ.

ರಾತ್ರಿಪಾಳಿ
ಈ ಕೊನೇ ಮಾತಿನ ಕೆಳಗೆ ಒಂದು ಗೆರೆ ಎಳೀರಿ. ಎಂಟು ವರ್ಷದ ಮಗುವಿಗೆ ಹ್ಯಾಮ್‌ಸ್ಟರ್ ಸರಿಹೋಗಲ್ಲ ಅನ್ನೋದು ಇದಕ್ಕೇ. ಮಗು ಎದ್ದಿರುವಾಗ ಇದು ಮಲಗಿರುತ್ತೆ, ಎಬ್ಬಿಸಿದ್ರೆ ಕಚ್ಚುತ್ತೆ, ಕಚ್ಚಿದ್ರೆ ಮಗು ಕೈ ಕೊಡವಿ ಬೀಳಿಸುತ್ತೆ. ಒಂಬತ್ತನೇ ಕ್ಲಾಸು, ಪಿಯುಸಿ ಮಕ್ಕಳು ಹೇಗೂ ಹತ್ತೂವರೆ ತನಕ ಓದ್ತಾ ಕೂತಿರ್ತಾರೆ, ಅವರಿಗೆ ಸಮಯ ಹೊಂದುತ್ತೆ. ಆದರೆ ಮುದ್ದಾಡೋ ಪ್ರಾಣಿ ಬೇಕಿದ್ರೆ ಇದಲ್ಲ. ಹ್ಯಾಮ್‌ಸ್ಟರ್ ಅಂದ್ರೆ ನೋಡುವ ಸುಖ, ಗೂಡು ಕಟ್ಟಿಕೊಡುವ ಸುಖ. ಹದಿನೈದು ನಿಮಿಷ ಕೈ ಮೇಲೆ ಓಡಾಡಿ ಮತ್ತೆ ಬಿಲಕ್ಕೆ ಹೋಗುತ್ತೆ. ಹಗಲಲ್ಲಿ ಜೊತೆಗೆ ಬೇಕು ಅಂದ್ರೆ ಗಿನಿಪಿಗ್ ನೋಡಿ. ಅವು ಮಾತ್ರ ಜೋಡಿಯಲ್ಲೇ ಇರಬೇಕು, ವಿಟಮಿನ್ ಸಿ ಇರೋ ಸೊಪ್ಪು ದಿನವೂ ಬೇಕು, ಗಲೀಜು ಹತ್ತು ಪಟ್ಟು.

ಪರೀಕ್ಷೆಲೆಕ್ಕ
ಯಾರೂ ಹೇಳದ ಒಂದು ಲೆಕ್ಕ. ಸಿರಿಯನ್ ಆಯಸ್ಸು ಎರಡರಿಂದ ಎರಡೂವರೆ ವರ್ಷ, ಮೂರು ಮುಟ್ಟಿದರೆ ಅದೃಷ್ಟ. ಒಂಬತ್ತನೇ ಕ್ಲಾಸಿನ ಜೂನ್‌ನಲ್ಲಿ ಎರಡು ತಿಂಗಳ ಮರಿ ತಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮಾರ್ಚ್‌ಗೆ ಅದಕ್ಕೆ 23 ತಿಂಗಳು. ಗಡ್ಡೆ, ಹಲ್ಲು, ಮೂತ್ರಪಿಂಡದ ತೊಂದರೆ ಶುರುವಾಗುವ ವಯಸ್ಸು ಸರಿಯಾಗಿ ಅದೇ. ಎಸ್ಸೆಸ್ಸೆಲ್ಸಿ ಮುಗಿಸಿ ತಂದರೂ ದ್ವಿತೀಯ ಪಿಯುಸಿಗೆ ಇದೇ ಲೆಕ್ಕ ಮರುಕಳಿಸುತ್ತೆ. ಬೇಡ ಅನ್ನಲ್ಲ. ಕೊನೆಯ ಆರು ತಿಂಗಳು ಪ್ರಾಣಿಯ ಜವಾಬ್ದಾರಿ ಅಮ್ಮನದೋ ಅಪ್ಪನದೋ ಅಂತ ಈಗಲೇ ಮಾತಾಡಿಕೊಳ್ಳಿ. ಮುಂದೆ ಹಾಸ್ಟೆಲ್ ಯೋಚನೆ ಇದ್ದರೆ ಇನ್ನೂ ಗಟ್ಟಿಯಾಗಿ ಮಾತಾಡಿಕೊಳ್ಳಿ.

ಅಡಿಕೋಲು
ಹಾಸಿನ ವಿಷಯಕ್ಕೆ ಬರ್ತೀನಿ, ಎಲ್ಲರೂ ಎಡವೋದು ಅಲ್ಲೇ.

ಒಂದು ಕಡೆಯಾದರೂ 25 ಸೆಂ.ಮೀ. ಆಳ ಬೇಕು. 120 × 45 ಸೆಂ.ಮೀ. ತೊಟ್ಟಿಯ ತುಂಬ ಅಷ್ಟೇ ಆಳ ಹಾಕಿದರೆ ಅದು 135 ಲೀಟರ್. ಅಂಗಡಿಯ ಪುಟ್ಟ ಪ್ಯಾಕೆಟ್ಟಿನಲ್ಲಿ ಕೊಂಡರೆ ಮನೆ ಬಾಡಿಗೆಗೆ ಸಮ ಆಗುತ್ತೆ. ಕಾಗದದ ಹಾಸನ್ನ ದೊಡ್ಡ ಚೀಲದಲ್ಲಿ ತರಿಸಿ, ಜೊತೆಗೆ ಮುದ್ರಣ ಇಲ್ಲದ ಕಾಗದದ ಎಳೆ, ಶುದ್ಧ ಒಣ ಭತ್ತದ ಹುಲ್ಲು ಬೆರೆಸಿ. ಹಾಕೋ ಕ್ರಮ ಮುಖ್ಯ: ಎಂಟು ಸೆಂ.ಮೀ. ಕಾಗದ, ಅದರ ಮೇಲೆ ತೆಳ್ಳಗೆ ಹುಲ್ಲಿನ ಜಾಲ, ಅಂಗೈಯಿಂದ ಗಟ್ಟಿಯಾಗಿ ಅಮುಕಿ. ಮತ್ತೆ ಕಾಗದ, ಮತ್ತೆ ಹುಲ್ಲು, ಮತ್ತೆ ಅಮುಕಿ. ಎರಡು ಬೆರಳು ಚುಚ್ಚಿ ತೆಗೆದಾಗ ತೂತು ಹಾಗೇ ನಿಲ್ಲಬೇಕು. ಕುಸಿದರೆ ಇನ್ನೂ ಅಮುಕಬೇಕು ಅಂತ ಅರ್ಥ. ಸಡಿಲ ಹಾಸಿನಲ್ಲಿ ಸುರಂಗ ನಿಲ್ಲಲ್ಲ, "ನಮ್ಮದು ತೋಡೋದೇ ಇಲ್ಲ" ಅಂತ ಜನ ದೂರುತ್ತಾರೆ.

ಬೇಡದವು: ಸಾಮಿಲ್ಲಿನ ಹೊಟ್ಟು. ಅದರಲ್ಲಿ ತೇಗ, ಹೊನ್ನೆ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಮದ್ದು ಹಚ್ಚಿದ ಹಲಗೆ ಎಲ್ಲ ಬೆರೆತಿರುತ್ತೆ, ಧೂಳು ನೇರ ಶ್ವಾಸಕ್ಕೆ. ಪೈನ್, ಸೀಡರ್‌ನ ಘಾಟು ಉಸಿರಾಟಕ್ಕೂ ಯಕೃತ್ತಿಗೂ ಕೆಟ್ಟದ್ದು. ಮೆಕ್ಕೆಜೋಳದ ದಿಂಡಿನ ಪುಡಿ ಬೂಸ್ಟು ಹಿಡಿಯುತ್ತೆ. ಕಡಲೆಕಾಯಿ ಸಿಪ್ಪೆಯೂ ಅಷ್ಟೆ. ಹತ್ತಿಯ ಮೆತ್ತನೆ "ಗೂಡು ನಾರು" ಅಂಗಡಿಯಲ್ಲಿ ಮಾರುತ್ತಾರೆ, ಅದರ ಎಳೆ ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲುತ್ತೆ, ನುಂಗಿದರೆ ಕರುಳು ಕಟ್ಟುತ್ತೆ. ಸಾದಾ ಟಿಶ್ಯೂ ಪೇಪರ್ ಹರಿದು ಹಾಕಿ, ಉಳಿದಿದ್ದನ್ನ ಅದೇ ಹೊತ್ತುಕೊಂಡು ಹೋಗುತ್ತೆ.

ಮಳೆಊರು
ಕರಾವಳಿ, ಕೊಡಗು, ಶಿವಮೊಗ್ಗದ ಕಡೆಯವರಿಗೆ ಒಂದು ತಿದ್ದುಪಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಭತ್ತದ ಹುಲ್ಲು ಬೇಡ, ಒಳಗೊಳಗೇ ಮುಗ್ಗಲು ಬರುತ್ತೆ. ಕೋಕೊಪೀಟ್ ಇನ್ನೂ ಕೆಟ್ಟದ್ದು, ಗಾಳಿಯ ತೇವ ಎಳೆದುಕೊಂಡು ಕೂರುತ್ತೆ. ಪೂರ್ತಿ ಕಾಗದವೇ ಇರಲಿ. ಅದು ಹೊರಳಾಡೋಕೆ ಇಡೋ ತಟ್ಟೆಯ ಮರಳನ್ನ ವಾರಕ್ಕೊಮ್ಮೆ ತೆಗೆದು ದಪ್ಪ ಬಾಣಲೆಯಲ್ಲಿ ಹುರಿದು ಪೂರ್ತಿ ಆರಿಸಿ ವಾಪಸ್ ಇಡಿ. ಅದು ಕೂಡಿಟ್ಟ ಕಾಳಿನ ಗುಡ್ಡೆಯನ್ನ ವಾರಕ್ಕೊಮ್ಮೆ ಬೆರಳಲ್ಲಿ ಕೆದಕಿ ನೋಡಿ. ಮೊಳಕೆ ಬಂದದ್ದು, ಬೂಸ್ಟು ಬಂದದ್ದು ಮಾತ್ರ ತೆಗೀರಿ. ಪೂರ್ತಿ ಖಾಲಿ ಮಾಡಿದ್ರೆ ಕಳ್ಳ ಬಿದ್ದ ಮನೆಯ ಹಾಗೆ ಗಾಬರಿಯಾಗಿ ಓಡಾಡುತ್ತೆ.

ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಇನ್ನೊಂದು ಅಪಾಯ. ಕೋಣೆ ತೀರಾ ತಣ್ಣಗಾಗಿ 10 ಡಿಗ್ರಿ ಆಸುಪಾಸಿಗೆ ಇಳಿದರೆ, ಅದರಲ್ಲೂ ಊಟ ಕಡಿಮೆ ಆಗಿದ್ದರೆ, ಹ್ಯಾಮ್‌ಸ್ಟರ್ ಜಡನಿದ್ದೆಗೆ ಜಾರಬಹುದು. ಮೈ ತಣ್ಣಗೆ, ಉಸಿರು ನಿಮಿಷಕ್ಕೆ ಒಂದೆರಡು. ಸತ್ತಿತು ಅಂತ ಮಣ್ಣು ಮಾಡಿದವರಿದ್ದಾರೆ. ಅರ್ಧ ಗಂಟೆ ಅಂಗೈಯಲ್ಲಿ ಇಟ್ಟುಕೊಂಡು ನಿಧಾನ ಬೆಚ್ಚಗೆ ಮಾಡಿ, ಮೀಸೆ ನೋಡ್ತಿರಿ. ಹೇರ್ ಡ್ರೈಯರ್, ಬಿಸಿನೀರಿನ ಚೀಲ ನೇರ ತಾಗಿಸಬೇಡಿ. ಎದ್ದ ಮೇಲೆ ಡಾಕ್ಟರ ಹತ್ತಿರ.

ಬಿಸಿಲೂರು_ವೈದ್ಯೆ
ನಮ್ಮ ಕಡೆ ತೊಂದರೆ ಅದರ ಉಲ್ಟಾ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ಅಂದರೆ 40 ದಾಟಿದ್ದೇ. ಹ್ಯಾಮ್‌ಸ್ಟರ್‌ಗೆ ಹಿತವಾದದ್ದು 18ರಿಂದ 24 ಡಿಗ್ರಿ. 30 ದಾಟಿದರೆ ಅಪಾಯದ ವಲಯ. ಅದು ಬೆವರುವುದಿಲ್ಲ, ಆದ್ದರಿಂದ ಬರೀ ಫ್ಯಾನ್ ಗಾಳಿ ಅದಕ್ಕೆ ಹೆಚ್ಚು ಉಪಯೋಗಕ್ಕೆ ಬರದು. ಗಾಜಿನ ತೊಟ್ಟಿ ಕಿಟಕಿಯ ಬಿಸಿಲಿನಲ್ಲಿದ್ದರೆ ಅರ್ಧ ಗಂಟೆಯಲ್ಲಿ ಒಲೆ.

ಮಾಡಬೇಕಾದದ್ದು: ಮನೆಯ ಅತ್ಯಂತ ತಂಪು ಕೋಣೆ, ನೆಲಕ್ಕೆ ಹತ್ತಿರ. ಒಳಗೆ ಒಂದು ಸೆರಾಮಿಕ್ ಟೈಲ್ಸ್ ತುಂಡು, ಒಂದು ಮಣ್ಣಿನ ಕುಡಿಕೆ ಅಡ್ಡ ಮಲಗಿಸಿ. ನೀರಿನ ಬಾಟಲಿ ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ, ಗೂಡಿನ ಒಂದು ಪಕ್ಕಕ್ಕೆ ಹೊರಗಿನಿಂದ ಆನಿಸಿ. ಒಳಗಿಟ್ಟರೆ ಹಾಸು ಒದ್ದೆಯಾಗುತ್ತದೆ. ಕರೆಂಟ್ ಹೋದಾಗ ಬೇಕು ಅಂತ ಇನ್ನೂ ಎರಡು ಬಾಟಲಿ ಫ್ರೀಜರಿನಲ್ಲಿರಲಿ. ಪ್ರಾಣಿ ಚಪ್ಪಟೆಯಾಗಿ ಬಿದ್ದಿದ್ದರೆ, ಜೊಲ್ಲು ಸುರಿಸಿದರೆ, ತೂರಾಡಿದರೆ ಅದು ಶಾಖಾಘಾತ. ತಣ್ಣೀರಲ್ಲಿ ಅದ್ದಬೇಡಿ. ತಂಪು ಕೋಣೆಗೆ ಒಯ್ದು, ಒದ್ದೆ ಬಟ್ಟೆಯನ್ನು ಪಾದ, ಕಿವಿಗೆ ಒತ್ತಿ, ಕೂಡಲೇ ಆಸ್ಪತ್ರೆ. ಎ.ಸಿ. ಇಲ್ಲದ ಮನೆ, ನಡು ಬೇಸಿಗೆಯಲ್ಲಿ 38 ಡಿಗ್ರಿಯ ಕೋಣೆ ಎಂದಾದರೆ ನನ್ನ ಸಲಹೆ ನೇರ: ಹ್ಯಾಮ್‌ಸ್ಟರ್ ಬೇಡ. ಮೈಸೂರಿನವರು ಬಚಾವ್, ಆದರೆ ಎರಡನೇ ಮಹಡಿಯ ಮೇಲೆ ಬರೀ ತಾರಸಿ ಇದ್ದರೆ ಏಪ್ರಿಲ್‌ನಲ್ಲಿ ಒಮ್ಮೆ ಉಷ್ಣಮಾಪಕ ಇಟ್ಟು ನೋಡಿ.

ಮೈಸೂರಮ್ಮ
ಇಟ್ಟು ನೋಡ್ತೀವಿ. ಚಕ್ರ ಎಷ್ಟು ದೊಡ್ಡದು ಬೇಕು? ಊಟಕ್ಕೆ ಏನು? ಬರೀ ಸೂರ್ಯಕಾಂತಿ ಬೀಜ ಹಾಕಿ ಅಂದ್ರು ಅಂಗಡಿಯವರು.

ಅಡಿಕೋಲು
ಸಿರಿಯನ್‌ಗೆ ಚಕ್ರದ ಅಡ್ಡಳತೆ 28 ಸೆಂ.ಮೀ., ಡ್ವಾರ್ಫ್‌ಗೆ 20. ಓಡುವಾಗ ಬೆನ್ನು ನೆಟ್ಟಗಿರಬೇಕು. ತಲೆ ಮೇಲಕ್ಕೆ ಬಾಗಿ ಬಾಳೆಹಣ್ಣಿನ ಹಾಗೆ ಕಂಡರೆ ಚಕ್ರ ಚಿಕ್ಕದು. ಒಂದು ರಾತ್ರಿಗೆ ಹಲವು ಕಿಲೋಮೀಟರ್ ಓಡುತ್ತೆ, ಬಾಗಿದ ಬೆನ್ನಲ್ಲಿ ಅಷ್ಟು ಓಡಿಸೋದು ಹಿಂಸೆ. ಮೆಟ್ಟಿಲಿನ ಥರ ಕಂಬಿ ಇರೋ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತೆ. ಓಡುವ ಪಟ್ಟಿ ಒಡಕಿಲ್ಲದೆ ಇರಬೇಕು.

ಒಳ್ಳೇ ಚಕ್ರ ಪ್ರಾಣಿಗಿಂತ ದುಬಾರಿ, ಹಾಗಾಗಿ ಮಾಡಿಕೊಳ್ಳೋದೇ ವಾಸಿ. 28 ಸೆಂ.ಮೀ. ಅಡ್ಡಳತೆಯ, 10 ಸೆಂ.ಮೀ. ಆಳದ ದುಂಡನೆ ಪ್ಲಾಸ್ಟಿಕ್ ಡಬ್ಬಿ. ತಳದ ನಟ್ಟನಡುವೆ 22 ಮಿ.ಮೀ. ತೂತು, ಅದಕ್ಕೆ 608 ನಂಬರಿನ ಬೇರಿಂಗ್. ಸ್ಕೇಟಿಂಗ್ ಗಾಲಿಯಲ್ಲಿ ಬರುತ್ತಲ್ಲ, ಅದೇ. ಹೊರಗೆ 22, ಒಳಗೆ 8 ಮಿ.ಮೀ. ಒಳಗೆ 8 ಮಿ.ಮೀ. ಬೋಲ್ಟ್, ಎರಡೂ ಕಡೆ ವಾಷರ್, ಹಿಂದೆ ಭಾರದ ಮರದ ಕಾಲು. ಬೋಲ್ಟಿನ ತಲೆಗೆ ಚಪ್ಪಟೆ ಮುಚ್ಚಳ ಇರಲಿ, ಇಲ್ಲದಿದ್ದರೆ ಅದನ್ನೇ ಕಡಿಯುತ್ತೆ. ಒಳಗೆ ಜಾರದಂತೆ ತೆಳು ಕಾರ್ಕ್ ಹಾಳೆ. ತೂತು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋದರೂ ರಾತ್ರಿಯೆಲ್ಲ ಟಕ್ ಟಕ್ ಅನ್ನುತ್ತೆ. ತಾಳ್ಮೆ ಇಲ್ಲದವರು ದುಡ್ಡು ಕೊಟ್ಟು ತಗೊಳ್ಳಿ.

ಪಾರದರ್ಶಕ ಪ್ಲಾಸ್ಟಿಕ್ ಚೆಂಡಿನೊಳಗೆ ಕೂಡಿಹಾಕಿ ಮನೆಯೆಲ್ಲ ಉರುಳಿಸೋ ಆಟ ಬೇಡ. ಗಾಳಿಯ ಸೀಳಿನಲ್ಲಿ ಬೆರಳು ಸಿಗುತ್ತೆ, ಕುರ್ಚಿ ಕಾಲಿಗೆ ಡಿಕ್ಕಿ ಹೊಡೆಯುತ್ತೆ, ನಿಲ್ಲಿಸೋಕೆ ಅದರ ಕೈಯಲ್ಲಿ ಏನೂ ಇಲ್ಲ.

ನವಣೆತೆನೆ
ಸೂರ್ಯಕಾಂತಿ ಅಂದ್ರೆ ಅದಕ್ಕೆ ಕರಿದ ಬಜ್ಜಿ. ದಿನಕ್ಕೆ ಎರಡು ಮೂರು ಬೀಜ, ಅದೂ ಕೈ ಪಳಗಿಸೋಕೆ.

ಮೂಲ ಊಟ ಒಳ್ಳೇ ಪೆಲೆಟ್ (ಒತ್ತಿ ಮಾಡಿದ ಗಟ್ಟಿ ಆಹಾರ) ಅಥವಾ ಹ್ಯಾಮ್‌ಸ್ಟರ್ ಮಿಶ್ರಣ, ಪ್ರೋಟೀನ್ ಶೇ. 16-18 ಇರೋದು. ಸಿರಿಯನ್‌ಗೆ ದಿನಕ್ಕೆ ಒಂದು ಟೇಬಲ್ ಚಮಚ, ಡ್ವಾರ್ಫ್‌ಗೆ ಒಂದು ಟೀ ಚಮಚ. ಅದರ ಜೊತೆ ನಮ್ಮ ಕಾಳುಗಳೇ ಬಂಗಾರ: ನವಣೆ, ಸಜ್ಜೆ, ರಾಗಿ, ಜೋಳ, ಸ್ವಲ್ಪ ಅಗಸೆ. ತೆನೆ ಸಮೇತ ಸಿಕ್ಕರೆ ಇನ್ನೂ ಚೆನ್ನ, ಹಾಸಿನಲ್ಲಿ ನೆಟ್ಟುಬಿಡಿ, ಹತ್ತಿ ಬಿಡಿಸಿಕೊಳ್ಳುತ್ತೆ. ತಟ್ಟೆಯಲ್ಲಿ ಸುರಿಯೋ ಬದಲು ಗೂಡಿನ ತುಂಬ ಚೆಲ್ಲಿ, ಹುಡುಕಿ ತಿನ್ನೋದೇ ಅದರ ಕೆಲಸ. ವಾರಕ್ಕೆರಡು ಸಲ ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆಯ ಬಿಳಿ, ಮೊಟ್ಟೆ ತರದ ಮನೆಯಾದರೆ ಉಪ್ಪಿಲ್ಲದ ಪನೀರ್ ಚೂರು. ಸೌತೆಕಾಯಿ, ಕೊತ್ತಂಬರಿ ಎಲೆ ಉಗುರಿನಷ್ಟು. ಡ್ವಾರ್ಫ್‌ಗೆ ಹಣ್ಣು ಬೇಡ, ಸಕ್ಕರೆ ಕಾಯಿಲೆಯ ವಿಷಯ ಮೇಲೆ ಬಂದಿದೆ.

ಈರುಳ್ಳಿ, ಬೆಳ್ಳುಳ್ಳಿ, ಹಸಿ ಆಲೂಗಡ್ಡೆ, ಟೊಮೆಟೊ ಗಿಡದ ಎಲೆ, ನಿಂಬೆ ಕಿತ್ತಳೆ, ಚಾಕೊಲೇಟ್, ಹಸಿ ರಾಜ್ಮಾ ಕೊಡಬಾರದು. ಚಕ್ಕುಲಿ ಚೂರನ್ನೂ ಕೊಡಬೇಡಿ. ಉಪ್ಪು ಎಣ್ಣೆ ಒಂದು ಕಡೆ, ಚೂಪು ಅಂಚು, ಅದು ಕಾಳು ತುಂಬಿಕೊಳ್ಳೋ ಕೆನ್ನೆಚೀಲ ಗೀರುತ್ತೆ. ಅಂಟುವ ಬೆಲ್ಲ, ಚಿಕ್ಕಿ ಚೀಲದೊಳಗೇ ಮೆತ್ತಿಕೊಂಡು ಕೊಳೆಯುತ್ತೆ.

ನೀರಿನ ಬಾಟಲಿಯ ಗುಂಡು ದಿನಾ ಬೆರಳಲ್ಲಿ ಒತ್ತಿ ನೋಡಿ. ಬಾಟಲಿ ತುಂಬಿದೆ ಅಂತ ನಂಬಿ ಕೂತವರ ಪ್ರಾಣಿ, ಗುಂಡು ಕಚ್ಚಿಕೊಂಡು, ಬಾಯಾರಿ ಸತ್ತಿರುತ್ತೆ. ಪಕ್ಕದಲ್ಲಿ ಚಿಕ್ಕ ಬಟ್ಟಲೂ ಇಟ್ಟರೆ ನಿಶ್ಚಿಂತೆ.

ಇರುವೆಸಾಲು
ಹೊರದೇಶದ ವೀಡಿಯೊಗಳಲ್ಲಿ ಇಲ್ಲದ ಒಂದು ಶತ್ರು ನಮ್ಮಲ್ಲಿದೆ, ಇರುವೆ. ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು, ಅಜ್ಜಿಯರ ಕಾಲದ ಉಪಾಯವೇ ಸೈ. ವಾರಕ್ಕೆರಡು ಸಲ ನೀರು ಬದಲಿಸಿ, ಸೊಳ್ಳೆ ಮೊಟ್ಟೆ ಇಡುತ್ತೆ. ಇರುವೆ ಸೀಮೆಸುಣ್ಣ ಗೂಡಿನ ಹತ್ತಿರವೂ ಬೇಡ, ಕೀಟನಾಶಕ ಅದು. ಸೊಳ್ಳೆಬತ್ತಿ, ಲಿಕ್ವಿಡ್ ಮಷೀನು, ಊದುಬತ್ತಿ, ಸಾಂಬ್ರಾಣಿ ಹೊಗೆ, ಇದ್ಯಾವುದೂ ಆ ಕೋಣೆಯಲ್ಲಿ ಬೇಡ. ಟಿ.ವಿ., ಇನ್ವರ್ಟರ್ ಪಕ್ಕ ಇಡಬೇಡಿ, ನಮಗೆ ಕೇಳದ ಕೀರಲು ಸದ್ದು ಅದಕ್ಕೆ ಕೇಳುತ್ತೆ. ಹಳ್ಳಿ ಮನೆಯಾದರೆ ಜಾಲರಿಯ ಮುಚ್ಚಳಕ್ಕೆ ಚಿಲಕ ಕಡ್ಡಾಯ. ಕೇರೆ ಹಾವಿಗೆ ಇದು ಇಲಿಯೇ, ಹೆಸರು ಇಂಗ್ಲಿಷಿನದಾದರೇನು.

ಬಿಸಿಲೂರು_ವೈದ್ಯೆ
ಅಂಗಡಿಯಲ್ಲಿ ಆರಿಸುವುದು ಹೇಗೆ ಎಂಬುದನ್ನು ಯಾರೂ ಬರೆದಿಲ್ಲ. ಸಂಜೆ ಆರರ ನಂತರ ಹೋಗಿ, ಹಗಲಲ್ಲಿ ಆರೋಗ್ಯವಂತ ಪ್ರಾಣಿಯೂ ಮುದ್ದೆಯಾಗಿ ಮಲಗಿರುತ್ತದೆ. ಕಣ್ಣು ಪೂರ್ತಿ ತೆರೆದು ಹೊಳೆಯಬೇಕು, ಮೂಗು ಒಣಗಿರಬೇಕು, ಉಸಿರಾಟದಲ್ಲಿ ಟಿಕ್ ಟಿಕ್ ಸದ್ದು ಇರಬಾರದು. ಬಾಲದ ಬುಡ ನೋಡುವುದನ್ನು ಮರೆಯಬೇಡಿ. ಅಲ್ಲಿ ಒದ್ದೆ ಇದ್ದರೆ ಆ ಒಂದನ್ನಷ್ಟೇ ಅಲ್ಲ, ಆ ತೊಟ್ಟಿಯ ಯಾವುದನ್ನೂ ತರಬೇಡಿ. ಎಳೆಯ ಸಿರಿಯನ್‌ಗಳಿಗೆ, ಮುಖ್ಯವಾಗಿ ಮೂರರಿಂದ ಎಂಟು ವಾರದವಕ್ಕೆ, ತಾಯಿಯಿಂದ ಬೇರ್ಪಟ್ಟ ಒತ್ತಡದಲ್ಲಿ ಬರುವ ವೆಟ್ ಟೇಲ್ ಎಂಬ ಭೇದಿ ಎರಡು ದಿನದಲ್ಲಿ ಕೊಲ್ಲುತ್ತದೆ. ಬೆಳಿಗ್ಗೆ ಕಂಡರೆ ಸಂಜೆಯೊಳಗೆ ವೈದ್ಯರ ಬಳಿ ಇರಬೇಕು.

ಮುಖ್ಯವಾದ ಎಚ್ಚರಿಕೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ ಎರಡು ಹನಿ ಹಾಕೋಣ ಎಂಬ ಬುದ್ಧಿ ಬೇಡ. ಪೆನ್ಸಿಲಿನ್ ಬಳಗದ ಔಷಧಿ, ಕ್ಲಿಂಡಮೈಸಿನ್, ಎರಿತ್ರೊಮೈಸಿನ್ ಹ್ಯಾಮ್‌ಸ್ಟರ್‌ನ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಉಗುಳುವ ಜೀವಿಗಳಿಗೆ ಜಾಗ ಮಾಡಿಕೊಡುತ್ತವೆ. ರೋಗ ಉಳಿಸಿದ ಪ್ರಾಣಿಯನ್ನು ಮದ್ದು ಮುಗಿಸುತ್ತದೆ. ನಾಯಿ, ಹಸು ಮಾತ್ರ ನೋಡುವ ವೈದ್ಯರಿಗೆ ಇದು ನೆನಪಿಗೆ ಬರದಿರಬಹುದು, ನೀವೇ ನೆನಪಿಸಿ. ಪ್ರಾಣಿ ತರುವ ಮೊದಲೇ ಫೋನ್ ಮಾಡಿ "ಹ್ಯಾಮ್‌ಸ್ಟರ್ ನೋಡ್ತೀರಾ" ಎಂದು ಕೇಳಿ ಇಟ್ಟುಕೊಳ್ಳಿ.

ರೋಗವಲ್ಲದ ಮೂರು ಸಂಗತಿಗೆ ಜನ ಹೆದರಿ ಓಡಿಬರುತ್ತಾರೆ. ಸಿರಿಯನ್‌ನ ಎರಡೂ ಸೊಂಟದ ಮೇಲೆ ಕಪ್ಪು ಮಚ್ಚೆ ಇದ್ದರೆ ಅದು ವಾಸನೆಯ ಗ್ರಂಥಿ. ಗಂಡಿನ ಹಿಂಭಾಗ ಬೇಸಿಗೆಯಲ್ಲಿ ಊದಿದಂತೆ ಕಂಡರೆ ಅದು ವೃಷಣ, ಗಡ್ಡೆಯಲ್ಲ. ಹೆಣ್ಣಿನಲ್ಲಿ ನಾಲ್ಕು ದಿನಕ್ಕೊಮ್ಮೆ ಘಾಟು ಮತ್ತು ಬಿಳಿ ಲೋಳೆ ಬಂದರೆ ಅದು ಬೆದೆ ಚಕ್ರ. ದಿನವೂ ಬಂದರೆ, ರಕ್ತ ಬೆರೆತಿದ್ದರೆ, ಹೊಟ್ಟೆ ಉಬ್ಬಿದರೆ ಗರ್ಭಕೋಶದ ಕೀವು, ಆಗ ತಡ ಮಾಡಬಾರದು. ಹಲ್ಲು ಹಳದಿ ಇರುವುದು ಸಹಜ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಬರೆದಿಡಿ, ಹತ್ತರಲ್ಲೊಂದು ಭಾಗ ಇಳಿದರೆ ಬೇರೆ ಲಕ್ಷಣಕ್ಕೆ ಕಾಯದೆ ಬನ್ನಿ.

ಮನುಷ್ಯರ ಮಾತು: ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಸಾಲ್ಮೊನೆಲ್ಲಾ, ಹುಳುಕಡ್ಡಿ ದಾಟಬಹುದು. ಮನೆಯಲ್ಲಿ ಗರ್ಭಿಣಿ ಇದ್ದರೆ ಎಲ್‌ಸಿಎಂ ಎಂಬ ವೈರಸ್ ಭ್ರೂಣಕ್ಕೆ ಅಪಾಯಕಾರಿ, ಆಗ ಹೊಸ ಹ್ಯಾಮ್‌ಸ್ಟರ್ ತರುವುದು ಮುಂದೂಡಿ. ಉಬ್ಬಸ ಇರುವ ಮಗುವಾದರೆ ಮೊದಲು ಅಂಗಡಿಯಲ್ಲೇ ಅರ್ಧ ಗಂಟೆ ನಿಂತು ನೋಡಲಿ.

ಬಿಲಶೋಧಕ
ಲಿಂಗದ ಗೊಂದಲವನ್ನೂ ಸೇರಿಸಿ. ಗಂಡು ಹೆಣ್ಣು ಒಂದೇ ತೊಟ್ಟಿಯಲ್ಲಿದ್ದರೆ, ಹೆಣ್ಣು ತಂದವರಿಗೆ ಒಂದಕ್ಕೆ ಎಂಟು ಉಚಿತ. ಸಿರಿಯನ್ ಗರ್ಭ ಬರೀ 16 ದಿನ, ಡ್ವಾರ್ಫ್‌ಗೆ 18ರಿಂದ 21. ಆದ್ದರಿಂದ ಮೊದಲ ಮೂರು ವಾರ ಹೊಟ್ಟೆಯ ಮೇಲೆ ಕಣ್ಣಿರಲಿ. ಮರಿ ಹಾಕಿದರೆ ಎರಡು ವಾರ ಕೈ ಹಾಕದೆ, ಹಾಸು ತೆಗೆಯದೆ, ಊಟ ಮಾತ್ರ ಹೆಚ್ಚಿಸಿ. ಕೆದಕಿದರೆ ತಾಯಿಯೇ ಮರಿ ತಿನ್ನುತ್ತದೆ. ನಾಲ್ಕನೇ ವಾರ ಮುಗಿಯುವುದರೊಳಗೆ ಗಂಡು ಹೆಣ್ಣು ಬೇರೆ. ಇಷ್ಟೆಲ್ಲ ಬೇಡವೆಂದರೆ ಗಂಡನ್ನೇ ತನ್ನಿ. ಗುಪ್ತಾಂಗಕ್ಕೂ ಗುದಕ್ಕೂ ನಡುವಿನ ಅಂತರ ಗಂಡಿನಲ್ಲಿ ಅಗಲ, ಹೆಣ್ಣಿನಲ್ಲಿ ಎರಡೂ ಅಂಟಿಕೊಂಡಂತೆ. ನಿಮ್ಮ ಮಗಳ ಆಸೆಗೂ ಗಂಡು ಸಿರಿಯನ್ನೇ ಚೆನ್ನ, ಸಾಮಾನ್ಯವಾಗಿ ಹೆಣ್ಣಿಗಿಂತ ಸಮಾಧಾನಿ.

ರಾತ್ರಿಪಾಳಿ
ಗಂಡೇ ಸಮಾಧಾನಿ ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ, ಪ್ರಾಣಿ ಪ್ರಾಣಿಗೆ ಬೇರೆ. ಅಂಗಡಿಯಲ್ಲಿ ಅಂಗೈ ಕೆಳಗಿಟ್ಟಾಗ ಮೂಸಿ ನೋಡೋದನ್ನ ಆರಿಸಿ. ಕಿರುಚಿ ಮಲಗಿ ಹಲ್ಲು ತೋರಿಸೋದೂ ಬೇಡ, ಅಲ್ಲಾಡದೆ ಬಿದ್ದಿರೋದೂ ಬೇಡ.

ಸನ್ನಿವೇಲ್‌ಕನ್ನಡಿಗ
ಮಧ್ಯೆ ಒಂದು ಮಾತು. ಇದನ್ನ ಓದಿ ಮಗಳಿಗೆ ಕೊಡಿಸೋಣ ಅಂತ ಹೊರಡೋ ಕ್ಯಾಲಿಫೋರ್ನಿಯಾ ಕನ್ನಡಿಗರೇ, ಈ ರಾಜ್ಯದಲ್ಲಿ ಸಿರಿಯನ್, ಡ್ವಾರ್ಫ್ ಹ್ಯಾಮ್‌ಸ್ಟರ್ ಸಾಕೋಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಹವಾಯಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಸಾಕೋದು ಕಾನೂನಿಗೆ ವಿರುದ್ಧ. ತಪ್ಪಿಸಿಕೊಂಡು ಹೊಲಕ್ಕಿಳಿದರೆ ಪೀಡೆ ಆಗುತ್ತೆ ಅನ್ನೋ ಭಯ. ಅಲ್ಲಿಗೆ ಒಯ್ಯೋ ಸಾಹಸ ಬೇಡ.

ಮೈಸೂರಮ್ಮ
ಎಲ್ಲರಿಗೂ ಥ್ಯಾಂಕ್ಸ್. ಸೆಟ್ ಕೈಬಿಟ್ವಿ. ಹಳೇ ನಾಲ್ಕಡಿ ತೊಟ್ಟಿ ಹುಡುಕ್ತೀವಿ, ಒಂದೇ ಸಿರಿಯನ್. ಕೊನೇ ಪ್ರಶ್ನೆ: ತಂದ ದಿನದಿಂದ ಕೈ ಪಳಗಿಸೋದು ಹೇಗೆ? ಸ್ನಾನ ಮಾಡಿಸಬೇಕಾ?

ರಾತ್ರಿಪಾಳಿ
ನೀರಿನ ಸ್ನಾನ ಯಾವತ್ತೂ ಬೇಡ, ಮೈಯ ಎಣ್ಣೆ ಹೋಗಿ ಶೀತ ಹಿಡಿಯುತ್ತೆ. ಅಗಲ ತಟ್ಟೆಯಲ್ಲಿ ಮೂರು ಸೆಂ.ಮೀ. ಮರಳು ಇಡಿ, ತಾನೇ ಹೊರಳಾಡುತ್ತೆ. ಮರಳು ಅಂದ್ರೆ ಮರಳು, ಚಿಂಚಿಲ್ಲಾ ಅನ್ನೋ ಪ್ರಾಣಿಗೆ ಅಂತ ಮಾರೋ ನುಣುಪು ಪುಡಿ ಅಲ್ಲ, ಆ ಧೂಳು ಶ್ವಾಸಕೋಶಕ್ಕೆ ಹೋಗುತ್ತೆ. ನದಿ ಮರಳನ್ನ ಜರಡಿ ಹಿಡಿದು, ನೀರು ತಿಳಿಯಾಗೋ ತನಕ ತೊಳೆದು, ಹುರಿದರೆ ಸಾಕು. ಬಹಳಷ್ಟು ಹ್ಯಾಮ್‌ಸ್ಟರ್‌ಗಳು ಅದರ ಒಂದು ಮೂಲೆಯಲ್ಲೇ ಮೂತ್ರ ಮಾಡ್ತವೆ, ದಿನಾ ಆ ಒಂದು ಚಮಚ ತೆಗೆದರೆ ವಾಸನೆಯೇ ಇಲ್ಲ. ಪೂರ್ತಿ ಗೂಡು ಗುಡಿಸಿ ತೊಳೆಯೋ ಶಾಸ್ತ್ರ ಬೇಡ. ಐದಾರು ವಾರಕ್ಕೊಮ್ಮೆ ಮೂರನೇ ಒಂದು ಭಾಗ ಹಾಸು ಬದಲಿಸಿ, ಹಳೇದು ಉಳಿದಿರಲಿ.

ಪಳಗಿಸೋದು: ಮೊದಲ ಮೂರು ನಾಲ್ಕು ದಿನ ನೀರು, ಊಟ, ಮಾತು. ಮುಟ್ಟಬಾರದು. ಮಗಳು ಅಂಗೈಯಲ್ಲಿ ಉಜ್ಜಿದ ಟಿಶ್ಯೂ ಹರಿದು ಒಳಗೆ ಹಾಕಲಿ, ಅದನ್ನ ಗೂಡಿಗೆ ಎಳಕೊಂಡು ಹೋದಾಗ ಅವಳ ವಾಸನೆಯಲ್ಲೇ ಮಲಗುತ್ತೆ. ಎರಡನೇ ವಾರ ಅಂಗೈ ಹಾಸಿನ ಮೇಲೆ ಚಪ್ಪಟೆಯಾಗಿ ಇಟ್ಟು, ನಡುವೆ ಒಂದು ಬೀಜ. ಕೈ ಅಲ್ಲಾಡಬಾರದು, ಬೆರಳಿಗೆ ತಿಂಡಿ ವಾಸನೆ ಇರಬಾರದು. ಮೇಲಿಂದ ಕೈ ಇಳಿಸಿದ್ರೆ ಹದ್ದು ಬಂತು ಅಂದ್ಕೊಳ್ಳುತ್ತೆ. ಅಂಗೈ ಹತ್ತಿ ತಿನ್ನೋ ಹಂತ ಬಂದ ಮೇಲೆ, ಬಚ್ಚಲುಮನೆಯ ಒಣ ನೆಲದಲ್ಲಿ ಟವೆಲ್ ಹಾಸಿ, ನೀರು ಹೋಗೋ ತೂತು ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಅವಳು ನೆಲದ ಮೇಲೆ ಕೂತುಕೊಳ್ಳಲಿ. ಅದು ತಾನೇ ಮೈಮೇಲೆ ಹತ್ತುತ್ತೆ. ನಿಂತು ಹಿಡಿಯೋದು ಬೇಡ, ಸೊಂಟದ ಎತ್ತರದಿಂದ ಬಿದ್ದರೂ ಕಾಲು, ಬೆನ್ನು ಮುರಿಯುತ್ತೆ. ಕಚ್ಚಿದರೆ ಕೊಡವಬಾರದು, ಕೈಯನ್ನ ಗೂಡಿನ ಹಾಸಿನ ಮೇಲೆ ತಾಗಿಸಿ ಹಾಗೇ ಬಿಡಬೇಕು. ಗಾಯವನ್ನ ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಟಿ.ಟಿ. ಯಾವಾಗ ಹಾಕಿಸಿದ್ದು ಅಂತ ಹೇಳಿ ಡಾಕ್ಟರ ಹತ್ತಿರ ಕೇಳಿ.

ತರೋ ದಿನ: ರಟ್ಟಿನ ಡಬ್ಬಿ ಬೇಡ, ದಾರಿಯಲ್ಲೇ ಕಡಿದು ಹೊರಬರುತ್ತೆ. ಗಾಳಿ ತೂತು ಮಾಡಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ತಳಕ್ಕೆ ಹಾಸು, ನೀರಿನ ಬದಲು ಒಂದು ಸೌತೆಕಾಯಿ ಹೋಳು. ಸಂಜೆ ಹೊತ್ತು ತನ್ನಿ. ಅಂಗಡಿಯ ತೊಟ್ಟಿಯಿಂದ ಅದರ ಹಳೇ ಹಾಸು ಒಂದು ಹಿಡಿ ಕೇಳಿ ಇಸ್ಕೊಂಡು, ಹೊಸ ಗೂಡಿನಲ್ಲಿ ಅದು ಮಲಗೋ ಮನೆಯೊಳಗೆ ಹಾಕಿ. ಡಬ್ಬಿಯನ್ನ ಒಳಗೇ ಅಡ್ಡ ಮಲಗಿಸಿ ಮುಚ್ಚಳ ತೆಗೆದು, ದೀಪ ಆರಿಸಿ, ಎಲ್ಲರೂ ಕೋಣೆಯಿಂದ ಹೊರಗೆ ಬನ್ನಿ.